ಕಾಲಂ ಏಳು

ಅರ್ಜಿಯ ಏಳನೇ ಕಾಲಂ ಕೇಳುತ್ತದೆ:
ಸಾರ್ವಜನಿಕ ಆರೋಗ್ಯದ ಪದವಿ ಏಕೆ? ಈಗಲೇ ಏಕೆ?
ಇನ್ನೂರು ಪದ ಮೀರದಂತೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಯಿಂದ ಖೈರುನ್‌ಬಿ
ಕೆಮ್ಮುತ್ತ ಬಂದಿದ್ದಾಳೆ, ವರ್ಷಕ್ಕಿದು ಒಂಬತ್ತನೇ ಸಲ.
ಸೆರಗಿನಲ್ಲಿ ಹೊಟ್ಟಿನ ಬೂದಿ,
ಎದೆಯೊಳಗೆ ಸಿಳ್ಳೆ.
ಪಂಪು ಬರೆದುಕೊಡುತ್ತೇನೆ. ನಸುಕಿಗೆ ಮತ್ತೆ
ಅದೇ ಒಲೆಯ ಬಾಯಿಗೆ ಅವಳು.

"ಮೊದಲು ಎಂಡಿ ಮುಗಿಸು" ಅಂದಿದ್ದರು ಬಕ್ಕೇಶ್ ಸರ್,
"ಅಂಕಿಅಂಶ ನಲವತ್ತಕ್ಕೂ ಕಲೀಬಹುದು.
ಕೈ ಹಾಗಲ್ಲ."
ನಿಜ. ಕರೆಂಟು ಹೋದಾಗಲೂ ನರ ಹುಡುಕುವುದನ್ನು
ನನ್ನ ಬೆರಳು ಕಲಿತದ್ದು
ಮೊನ್ನೆ ಮೊನ್ನೆ.

ಅವ್ವನದು ಒಂದೇ ಪ್ರಶ್ನೆ:
"ಅದನ್ನ ಓದಿದ್ಮೇಲೂ ಸೂಜಿ ಚುಚ್ತೀಯಲ್ಲ?"

ಚೀಟಿ ಮಡಚುತ್ತ ಖೈರುನ್‌ಬಿ ಅಂದಳು:
"ನಮ್ಮ ಸಾಲಾಗೆ ಎಲ್ಲರ್ಗೂ ಇದೇ ಕೆಮ್ಮು, ಡಾಕ್ಟ್ರಮ್ಮ.
ಹೊಗೆಗೇ ಒಂದು ಚೀಟಿ
ಬರ್ಕೊಡಾಕೆ ಬರಲ್ವಾ?"

ನಗಲು ಹೋದೆ. ಆಗಲಿಲ್ಲ.

ಭಾನುವಾರ ಸ್ಕೂಟಿ ನಿಲ್ಲಿಸಿ
ಭಟ್ಟಿಗಳ ನಡುವೆ ಎಣಿಸತೊಡಗಿದೆ,
ಎಷ್ಟು ಒಲೆ, ಎಷ್ಟು ಕೆಮ್ಮು.
ಮೂವತ್ತೆಂಟರ ಆಚೆ ಲೆಕ್ಕ ತಪ್ಪಿತು;
ಯಾರೋ ಹಿಡಿ ಬಿಸಿ ಮಂಡಕ್ಕಿ ಕೊಟ್ಟರು, ತಿಂದೆ.

ಕಾಲಂ ಏಳು ಇನ್ನೂ ಖಾಲಿ.
ಕೊನೇ ದಿನಾಂಕ ಶುಕ್ರವಾರ.