ಬೇಲಿಯ ಮೇಲೆ ಶನಿವಾರ ಸಂಜೆ

ಆ ಗುರುವಾರ ರಾತ್ರಿ ಮಲಗಿ
ಶನಿವಾರ ಬೆಳಿಗ್ಗೆ ಎದ್ದೆವು, ಅಣ್ಣ,
ಇಡೀ ಸಮೋವಾ.
ನಡುವಿನ ಶುಕ್ರವಾರವನ್ನು
ಕಚೇರಿಯವರು ಕತ್ತರಿಸಿ ಕಡಲಿಗೆ ಎಸೆದಿದ್ದರು,
ಸಿಡ್ನಿಯ ಅಂಗಡಿಗಳ ಜೊತೆ
ನಮ್ಮ ಸೋಮವಾರ ಹೊಂದಲಿ ಎಂದು.

ವ್ಯಾಪಾರಿಗೆ ಒಂದು ದಿನ ಎಂದರೆ ಏನು?
ಚಿಲ್ಲರೆ.
ನಮಗೋ, ಅದು ಸೌರಣೆಯ ದಿನ.
ಟ್ಯಾರೋ ಗಡ್ಡೆ ಸುಲಿದು, ತೆಂಗಿನ ಹಾಲು ಹಿಂಡಿ,
ಬಿಳಿ ಅಂಗಿಗೆ ಇಸ್ತ್ರಿ ಹಾಕಿಡುವ ದಿನ.
ಅರಣ್ಯದಲ್ಲಿ ಮನ್ನಾ ಕೂಡ
ಆರನೆಯ ದಿನ ಇಮ್ಮಡಿ ಸಿಗುತ್ತಿತ್ತಲ್ಲ!
ಆರನೆಯದೇ ಇಲ್ಲದ ವಾರದಲ್ಲಿ
ನಾನು ಯಾವಾಗ ಒಲೆ ಹೂಡಲಿ?
ಅವತ್ತು ಹಸಿದುಕೊಂಡೇ ಪ್ರಾರ್ಥಿಸಿದೆ.
ನೀನು ಅಂಗಳದಲ್ಲಿ ಕಲ್ಲು ಕಾಯಿಸುತ್ತ
"ಇವತ್ತೇ ಶುಕ್ರವಾರ, ಮೊಎಲಂಗಿ," ಅಂದೆ.
"ಹೆಸರು ಬದಲಾಗಿದೆ. ಸೂರ್ಯ ಬದಲಾಗಿಲ್ಲ."

ಅಲ್ಲಿಂದ ಶುರು.

ನಿನ್ನ ಲೆಕ್ಕ ಬೆರಳ ಗೆಣ್ಣಿನದು:
ಒಂದು ಮುಳುಗು, ಎರಡು ಮುಳುಗು, ಏಳನೆಯ ಮುಳುಗು.
ಆ ಏಳನೆಯದಕ್ಕೆ ಈಗ ಭಾನುವಾರ ಎಂದು ಹೆಸರು.
ಸಭೆಯ ಹಿರಿಯರೂ ನಿನ್ನ ಕಡೆ.
ಭೂಪಟ ಹಾಸಿ, ನೂರ ಎಂಬತ್ತನೆಯ ಗೆರೆಗೆ ಬೆರಳಿಟ್ಟು
"ದಿನ ತಿರುಗುವುದು ಇಲ್ಲಿ" ಎಂದರು.
ಬಗ್ಗಿ ನೋಡಿದೆ.
ಅಲ್ಲಿ ಬರೀ ನೀರಿತ್ತು.

ನನ್ನ ಬಳಿ ಗೆರೆಯಿಲ್ಲ, ಗೋರಿ ಇದೆ.
ಮನೆಯ ಮುಂದೆಯೇ ಅಪ್ಪ ಮಲಗಿದ್ದಾನೆ.
"ಶನಿವಾರ ಬಾರದವನು ಸೋಮವಾರವೂ ಬರಬೇಡ" ಎಂದು
ಕೊಬ್ಬರಿ ಗೋದಾಮಿನ ಧಣಿ ಗದರಿದಾಗ
ಟೋಪಿ ಎತ್ತಿಕೊಂಡು ಹೊರಬಂದವನು.
ಆ ವರ್ಷವೆಲ್ಲ ಜೀಗುಜ್ಜೆ ಬೇಯಿಸಿ ಬೇಯಿಸಿ
ಅಮ್ಮನಿಗೆ ಅದರ ವಾಸನೆಯೇ ಆಗದೆ ಹೋಯಿತು.
ಭಾನುವಾರ ಊರೆಲ್ಲ ಬಿಳಿ ತೊಟ್ಟು ಹೊರಟಾಗ
ಅವನು ಬೇಕೆಂದೇ ಗುದ್ದಲಿ ಹೊತ್ತು ಎದುರು ಬರುತ್ತಿದ್ದ;
ಊರ ಹಿರಿಯರು ಹಾಕಿದ ದಂಡಕ್ಕೆ
ಹಂದಿಮರಿ ತೆತ್ತು, ಮರುವಾರ ಮತ್ತೆ ಗುದ್ದಲಿ.
ಶನಿವಾರ ಎಂಬ ಒಂದು ಮಾತಿಗೆ
ಅಷ್ಟು ಹಂದಿಮರಿ.
ಅದನ್ನು ನಾನು ಹೇಗೆ
ಹರಿದ ಚಾಪೆಯಂತೆ ಸುತ್ತಿ ಮೂಲೆಗಿಡಲಿ?

ಈಗ ನೀನು ಬಿಳಿ ತೊಟ್ಟು
ಅದೇ ಭಾನುವಾರ, ಅದೇ ದಾರಿಯಲ್ಲಿ ಹೋಗುತ್ತೀ.
ಎದುರು ಮನೆಯ ಪಾದ್ರಿ ನಕ್ಕು ಕೈಯೆತ್ತುತ್ತಾನೆ:
"ಕೊನೆಗೂ ಬಂದೆಯಾ, ಸೆಫನಾಯ!"
"ಇದು ನನ್ನ ಏಳನೆಯದು, ನಿನ್ನ ಮೊದಲನೆಯದಲ್ಲ!"
ಬೀದಿಯಲ್ಲೇ ನಿಂತು ನೀನು ವಾದಿಸುವುದು
ನನ್ನ ಅಡುಗೆಮನೆಗೂ ಕೇಳುತ್ತದೆ.
ನಗು ಬರುತ್ತದೆ. ಹೊಟ್ಟೆಯೂ ಉರಿಯುತ್ತದೆ.
ದೋಣಿ ರಿಪೇರಿಯ ಶೆಡ್ಡಿನಲ್ಲಿ ಶನಿವಾರ
ನಾವು ಕೂರುವುದು ಹನ್ನೊಂದು ಜನ.
ಆ ಹನ್ನೊಂದರಲ್ಲೂ ಮೊನ್ನೆ ಜಗಳ. ಬಿಡು.

ನಿನಗೆ ಹೇಳದ ಮಾತೊಂದಿದೆ:
ನೀರಾಚೆ ಪಾಗೋ ಪಾಗೋದಲ್ಲಿ ಚಿಕ್ಕಮ್ಮ
ಸಬ್ಬತ್ತು ಮಾಡುವುದು ನಿನ್ನ ದಿನವೇ,
ಅಲ್ಲಿ ಅದನ್ನು ಶನಿವಾರ ಎನ್ನುತ್ತಾರೆ.
ಅರ್ಧ ಗಂಟೆಯ ಪುಟ್ಟ ವಿಮಾನ.
ಅಪ್ಪ ಕಲಿಸಿದ್ದು ಹೆಸರನ್ನೋ ಎಣಿಕೆಯನ್ನೋ ಎಂದು
ರಾತ್ರಿ ಗೋರಿಯ ಮೇಲೆ ಕೂತು ಕೇಳುತ್ತೇನೆ.
ಸಿಮೆಂಟು ಇನ್ನೂ ಬಿಸಿಲಿನ ಬಿಸಿಯಲ್ಲಿರುತ್ತದೆ, ಅಷ್ಟೇ.

ಶನಿವಾರ ಸಂಜೆ
ಬಂಡೆಗಳಾಚೆ ಒಂದೇ ಸೂರ್ಯ ಇಳಿಯುತ್ತದೆ.
ನನ್ನ ಸಬ್ಬತ್ತು ಮುಗಿಯುವ ಗಳಿಗೆಯೇ
ನಿನ್ನದು ಹುಟ್ಟುವ ಗಳಿಗೆ.
ಆಗ ಬೇಲಿಗೆ ಬರುತ್ತೀ,
ಕೈ ತೊಳೆದಿದ್ದರೂ ಉಗುರ ಸಂದಿಯಲ್ಲಿ ಬೂದಿ.
ಅಪ್ಪನ ಹಾಡಿನ ಪುಸ್ತಕ ಇರುವುದು ಒಂದೇ,
ದಾಸವಾಳದ ಮೇಲಿಂದ ಚಾಚುತ್ತೇನೆ.
ನೀನು ಬಾಳೆಲೆಯಲ್ಲಿ ಸುತ್ತಿದ ಬಿಸಿ ಗಡ್ಡೆ ಕೊಡುತ್ತೀ.
ಮಾತಿಲ್ಲ; ಆಡಿದರೆ ಜಗಳ.
"ಹಂದಿಗೆ ಹಾಕಿದೆಯಾ?" ಎಂದಷ್ಟೇ.
ಎಲ್ಲಿ ಹಾಕಲಿ, ಈಗ ತಾನೇ ನನ್ನ ಕೈ ಬಿಡುವಾದದ್ದು.

ಬಕೆಟ್ಟು ಹಿಡಿದು ಕತ್ತಲಿಗೆ ನಡೆಯುತ್ತೇನೆ.
ಹಿಂದೆ ಪುಟ ತಿರುವುವ ಸದ್ದು.
ನಾನು ಗುರುತಿಗೆ ಎಲೆಯಿಟ್ಟ ಹಾಡನ್ನೇ
ಎತ್ತಿಕೊಳ್ಳುತ್ತೀ,
ಶ್ರುತಿ ಮಾತ್ರ ಎಂದಿನಂತೆ
ಕೊಂಚ ಮೇಲೆ.