ಇತರೆ

ಕಳೆದ ಮೂವತ್ತು ದಿನದಲ್ಲಿ ಅಕ್ಕಿ ಎಷ್ಟು, ರಾಗಿ ಎಷ್ಟು,
ಎಣ್ಣೆ ಎಷ್ಟು, ಸೋಪು ಎಷ್ಟು,
ಶಿಡ್ಲಘಟ್ಟದ ಓಣಿಗಳಲ್ಲಿ ಟ್ಯಾಬು ಹಿಡಿದು ಕೇಳುವುದು
ನನ್ನ ಕೆಲಸ. ಮನೆಯೊಂದಕ್ಕೆ ಇಷ್ಟೆಂದು ನನಗೂ ಕೂಲಿ.

ಮೊದಲನೆಯದು ಹೊಸ ಬಡಾವಣೆಯಲ್ಲಿ.
ಗೇಟಿಗೆ ಬೆಲ್ಲು, ಬೆಲ್ಲಿಗೆ ಕ್ಯಾಮೆರಾ.
ಸಿಮೆಂಟು ಡೀಲರ್ ಸೊಣ್ಣಪ್ಪನವರು
ಸೋಫಾದಲ್ಲಿ ಒರಗಿ ಎಲ್ಲಕ್ಕೂ ಸೊನ್ನೆ ಸೇರಿಸಿ ಹೇಳಿದರು:
ತರಕಾರಿ ಐದು ಸಾವಿರ ಬರ್ಕೊಳಮ್ಮ, ಹಾಲು ಮೂರು ಸಾವಿರ,
ಕರೆಂಟು... ಲೇ, ಕರೆಂಟು ಎಷ್ಟೇ? ಹೋಗ್ಲಿ, ನಾಲ್ಕು ಹಾಕು.
ಉಪ್ಪಿನ ಬೆಲೆ ಕೇಳಿದೆ. ನಕ್ಕರು.
ಆದಾಯ ಕೇಳಿದಾಗ ಮಾತ್ರ
ದನಿ ಇಳಿಯಿತು, ಸೊನ್ನೆಗಳೂ ಉದುರಿದವು.

ಬಿಚ್ಚಾಣಿಕೆ ಓಣಿಯಲ್ಲಿ ಹಬೆ, ಬೆಂದ ಹುಳದ ವಾಸನೆ.
ಕುದಿನೀರಿಂದ ಎಳೆ ಹೆಕ್ಕುತ್ತಲೇ ಶಮೀಮುನ್ನೀಸಾ
ಮುಖ ಎತ್ತದೆ ಕೇಳಿದಳು:
ಯಾವ ತಿಂಗಳದು ಬೇಕು?
ಗೂಡಿನ ರೇಟು ಇಳಿದಿದ್ದಾಗಿನದೋ, ಏರಿದ ಮೇಲಿನದೋ?
ಇಳಿದಾಗ ಕೋಳಿ, ಮಕ್ಕಳಿಗೆ ಚಪ್ಪಲಿ.
ಏರಿದಾಗ ಹಾಲಿಲ್ಲದ ಟೀ.
ನಮ್ಮದು ರಾಟೆ ಮೇಡಮ್, ನಿಮ್ಮದು ಅಳತೆಪಟ್ಟಿ;
ತಿರುಗೋದನ್ನ ಹೆಂಗೆ ಅಳೀತೀರಿ?
ಗಂಡ ಒಳಬಂದು 'ಹನ್ನೆರಡು ಸಾವಿರ' ಎಂದು ಹೋದ.
ಬೆರಳು ನೀರಲ್ಲೇ ಇಟ್ಟುಕೊಂಡು ಅವಳು ಮೆಲ್ಲಗೆ,
'ಇನ್ನೊಂದು ಎಂಟುನೂರು ಸೇರಿಸ್ಕೊಳ್ಳಿ.
ಚೀಟಿಗೆ. ಅವ್ರಿಗೆ ಗೊತ್ತಿಲ್ಲ.'

ಕಾಲೊನಿಯಲ್ಲಿ ಪೌರಕಾರ್ಮಿಕೆ ಮುನಿಯಲ್ಲಮ್ಮ
ರೂಪಾಯಿ ರೂಪಾಯಿಗೂ ಲೆಕ್ಕ ಒಪ್ಪಿಸಿದಳು:
ಕಡ್ಡಿಪೆಟ್ಟಿಗೆ ಎರಡು, ಶಾಂಪು ಪೊಟ್ಟಣ ನಾಲ್ಕು,
ಎಲೆಅಡಿಕೆ ದಿನಕ್ಕೆ ಹತ್ತು,
ಮಂಡಿನೋವಿನ ಮಾತ್ರೆ ಹನ್ನೊಂದು, ಒಂದು ಅರ್ಧ ಮಾಡಿ ನುಂಗಿದ್ದು.
ಕಡಿಮೆ ಇರುವವರಿಗೇ ನೆನಪು ಜಾಸ್ತಿ ಅಂತ
ನಾನು ದೊಡ್ಡ ಬುದ್ಧಿವಂತಳ ಹಾಗೆ ಅಂದುಕೊಳ್ಳುತ್ತಿರುವಾಗ
ಒಳಗಿಂದ ಘಮ್ಮೆಂದಿತು ಮಸಾಲೆ.
ಮಾಂಸ? ಎಂದೆ.
ಇಲ್ಲ, ಎಂದಳು. ಕುಕ್ಕರ್ ಸೀಟಿ ಹೊಡೆಯಿತು.
ಎಲ್ಲಿ ಕಾರ್ಡು ಕಿತ್ಕೊಂಡಾರೋ ಅನ್ನುವ ಭಯ.
'ಇಲ್ಲ' ಒತ್ತಿದೆ.
ಇನ್ನೊಂದು ಸೀಟಿ.
ಇಬ್ಬರೂ ಗೋಡೆ ನೋಡಿದೆವು.

ಹೊರಟವಳನ್ನು ನಿಲ್ಲಿಸಿದಳು:
'ವಾರಕ್ಕೆ ಐವತ್ತು, ಪಕ್ಕದ ಮನೆ ಹುಡ್ಗಿ ಕಾಲೇಜು ಬಸ್ಸಿಗೆ ಕೊಡ್ತೀನಿ.
ಅದ್ನ ಎಲ್ಲಿ ಹಾಕ್ತೀಯ?'
ಪ್ರಯಾಣ ಅನ್ನೋಣವೆಂದರೆ ಹೋಗಿಬರುವವಳು ಇವಳಲ್ಲ.
ಶಿಕ್ಷಣ ಅನ್ನೋಣವೆಂದರೆ ಓದುವವಳು ಈ ಮನೆಯವಳಲ್ಲ.
ಸಾಲವಲ್ಲ. ದಾನ ಅಂದರೆ ಬೈದಾಳು.
'ಇತರೆ'ಗೆ ಹಾಕಿದೆ,
ಶಮೀಮಳ ಎಂಟುನೂರು ಕೂತಲ್ಲಿಗೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.
ಬಾಳಿಕೆ ವಸ್ತುಗಳ ಪಟ್ಟಿಯಲ್ಲಿ ಹಾಸಿಗೆಗೆ ಕಾಲಂ ಉಂಟು,
ಕಾಲಿಗೆ ಇಲ್ಲ.

ಸಂಜೆ ಬಸ್ಸಲ್ಲಿ ಟ್ಯಾಬು ಎಲ್ಲ ಕೂಡಿಸಿ ಕೆಂಪಾಯಿತು:
ಖರ್ಚು ಆದಾಯಕ್ಕಿಂತ ಹೆಚ್ಚು, ಮತ್ತೆ ಪರಿಶೀಲಿಸಿ.
ಸೊಣ್ಣಪ್ಪನವರದು ಎಲ್ಲಕ್ಕಿಂತ ಕೆಂಪು.
ರೂಪಾಯಿಗೆ ರೂಪಾಯಿ ತಾಳೆಯಾದದ್ದು
ಮುನಿಯಲ್ಲಮ್ಮನ ಮನೆಯೊಂದೇ,
ಕುಕ್ಕರಿನಲ್ಲಿದ್ದದ್ದು ಬಿಟ್ಟು.

ಮನೆಗೆ ಬಂದೆ.
'ಎಷ್ಟು ಕೊಟ್ರು ಇವತ್ತು?' ಅಂದ ಇವನು, ಟೀವಿಯಿಂದ ಕಣ್ಣು ತೆಗೆಯದೆ.
ನಾನೂರು, ಎಂದೆ, ಸಲೀಸಾಗಿ.
ಮಿಕ್ಕ ನೂರು ತಳ ಮುಟ್ಟಿಸಿ ಕೈ ಹೊರತೆಗೆದಾಗ
ಮೊಣಕೈವರೆಗೆ ರಾಗಿ ಹಿಟ್ಟು.