ನೆಲ ಉಂಟಾ?

ಮೂರು ರಾತ್ರಿಯಿಂದ ಯೋಧೆಯೊಬ್ಬಳು
ನನ್ನ ಟ್ಯಾಬ್ಲೆಟ್ಟಿನಲ್ಲಿ ನಿಂತಿದ್ದಾಳೆ.
ಕವಚ ಸರಿ, ಕಣ್ಣು ಸರಿ, ಕೂದಲಂತೂ ಎಳೆಎಳೆ.
ಹಿಂದೆ ಮಾತ್ರ ಬಿಳಿ.

ಆರಕ್ಕೆ ಹತ್ತು ನಿಮಿಷ, ಬಂದರಿನ ದಕ್ಕೆ.
ಬಂಗುಡೆ ಆರಿಸುತ್ತಿದ್ದ ಬೇಬಿಯಕ್ಕ
ಕೈ ಒರೆಸದೆ ಬೆರಳಿಟ್ಟು ಇಣುಕಿದಳು:
"ಎಂತ ಮಾರಾಯ್ತಿ, ಇವಳಿಗೆ ನೆಲ ಉಂಟಾ?
ಗಾಳಕ್ಕೆ ಸಿಕ್ಕಿದ ಹಾಗೆ ನೇತಾಡ್ತಾಳೆ."
ಗಾಜಿಗೊಂದು ಹುರುಪೆ ಅಂಟಿತು.

ಅವಳನ್ನೇ ನೋಡಿದೆ.
ಬೋಟಿನ ದೀಪ ಬೆನ್ನಿಗೆ ಎಳೆದ ಹಳದಿ ಗೆರೆ,
ಬುಟ್ಟಿಯ ಮಂಜುಗಡ್ಡೆಯಿಂದ ಪುಟಿದು
ಗಲ್ಲದ ಅಡಿಗೆ ತಾಗಿದ ತಣ್ಣನೆ ನೀಲಿ.
ಸೆರಗಿನ ನೆರಳಲ್ಲಿ ನೇರಳೆಯೂ ಇತ್ತು;
ಇಷ್ಟು ದಿನ ಬರೀ ಕಪ್ಪು ಬಳಿದೆನಲ್ಲ!
ಆಚೆ ಬೆಂಗ್ರೆಯ ತೆಂಗುಗಳು
ದನಿ ತಗ್ಗಿಸಿ ತಗ್ಗಿಸಿ
ದೂರವಾಗಿದ್ದವು.

ಅಲ್ಲೇ ಖಾಲಿ ಕ್ರೇಟಿನ ಮೇಲೆ ಕೂತು
ಯೋಧೆಯ ಕಾಲಡಿಗೆ ಒದ್ದೆ ಸಿಮೆಂಟು ಹಾಸಿದೆ.
ಹಿಮ್ಮಡಿ ತಾಗುವಲ್ಲಿ ನೆರಳು ಗಟ್ಟಿ,
ಸರಿದಂತೆ ಸಡಿಲ.
ಕತ್ತಿಯ ಅಂಚಿಗೆ ಆ ಹಳದಿ,
ಗಲ್ಲದಡಿ ಆ ನೀಲಿ, ಒಂದೇ ಒಂದು ಎಳೆತ.

ಅವಳಿಗೆ ತೂಕ ಬಂತು.

ತೋರಿಸೋಣವೆಂದರೆ ಏಲಂ ಶುರುವಾಗಿತ್ತು,
ಬೇಬಿಯಕ್ಕ ಗುಂಪಿನೊಳಗೆ ಬರೀ ಒಂದು ಗಂಟಲು.
ಹುರುಪೆಯನ್ನು ನಾನಿನ್ನೂ ಒರೆಸಿಲ್ಲ.
ಎಲ್ಲ ಲೇಯರುಗಳಿಗಿಂತ ಮೇಲೆ
ಅದೊಂದು ಉಂಟು,
ಸ್ವಲ್ಪ ನಾರುತ್ತಾ.